ಹೆರಿಗೆ ಆಸ್ಪತ್ರೆಗೆಂದು ಕೊಟ್ಟ ಜಾಗ

ನಾಲ್ಕು ರಸ್ತೆ ಕೂಡುವಲ್ಲಿದ್ದ ಮನೆಯನ್ನು ಸರ್ಕಾರ ವಶಕ್ಕೆ ಕೇಳಿದಾಗ ಟೈಲರಮ್ಮ ತಕರಾರು ತೆಗೆಯಲಿಲ್ಲ. ಕೇಳಿದ್ದು ಹೆರಿಗೆ ಆಸ್ಪತ್ರೆಗೆ. ತಮ್ಮನ ಹೆಂಡತಿ ದೂರದ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲೇ ಹೆತ್ತು, ಸಾವಿನ ಬಾಯಿಂದ ಪಾರಾಗಿ ಬಂದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಕೋರ್ಟಿಗೆ ಹೋಗೋಣವೆಂದು ಅಕ್ಕಪಕ್ಕದವರು ಹುರಿದುಂಬಿಸಿದರೂ, "ಹೆಣ್ಣುಮಕ್ಕಳ ಜೀವ ಉಳಿಯೋದಾದ್ರೆ ಹೋಗ್ಲಿ ಬಿಡಿ" ಎಂದಳು. ಅಪ್ಪ ಇಬ್ಬರ ಹೆಸರಿಗೂ ಬರೆದಿಟ್ಟಿದ್ದ ಮನೆ. ತಮ್ಮನೂ ಅವಳೂ ಸೇರಿ ಒಪ್ಪಿಸಿದರು. ಬಂದ ಪರಿಹಾರದಲ್ಲಿ ಅವಳು ಊರಾಚೆ ಒಂದು ಬಾಡಿಗೆ ಕೋಣೆ ಹಿಡಿದು ಹೊಲಿಗೆ ಮೆಷಿನ್ ಇಟ್ಟುಕೊಂಡಳು. ಮನೆ ಕೆಡವುವುದನ್ನು ನೋಡುವ ಧೈರ್ಯವಿಲ್ಲದೆ ಆ ಕಡೆ ತಲೆ ಹಾಕಲೇ ಇಲ್ಲ.

ಒಂದೆರಡು ವರ್ಷ ಕಳೆದು, ಪರದೆ ಹೊಲಿಯುವ ದೊಡ್ಡ ಕೆಲಸ ಬಂತು. ಅಳತೆಗೆಂದು ಟೇಪು ಹಿಡಿದು ಹೋದವಳು ಗೇಟಿನಲ್ಲೇ ನಿಂತುಬಿಟ್ಟಳು. ಅದು ಅವಳದೇ ಜಾಗ. ಆಸ್ಪತ್ರೆಯ ಸುಳಿವಿಲ್ಲ, ಗಾಜಿನ ಗೋಡೆಯ ಪಾರ್ಟಿ ಹಾಲ್ ಎದ್ದಿದೆ. ಅಮ್ಮ ಒಲೆ ಹಚ್ಚುತ್ತಿದ್ದ ಕಡೆ ಗಂಡಸರ ಶೌಚಾಲಯ. ಅದರ ಗಬ್ಬುನಾತಕ್ಕೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಯಾರದಪ್ಪಾ ಇದು ಎಂದು ಕಾವಲುಗಾರನನ್ನು ಕೇಳಿದರೆ, ಮನೆ ವಶಕ್ಕೆ ತೆಗೆದುಕೊಂಡಿದ್ದ ಭೂಸ್ವಾಧೀನ ಕಚೇರಿಯ ಸಾಹೇಬರ ಭಾಮೈದನದಂತೆ.

ಅಳತೆ ಗಿಳತೆ ಬಿಟ್ಟು ನೇರ ಕಚೇರಿಗೆ ಹೋದಳು. ಸಾಹೇಬರು ಊಟ ಮುಗಿಸಿ ಹಲ್ಲಿನ ಸಂದಿ ಕೆದಕುತ್ತಿದ್ದರು.

"ಏನಮ್ಮಾ, ಪಾರ್ಟಿಗೆ ಬರೋರೂ ಸಾರ್ವಜನಿಕರೇ ಅಲ್ವಾ? ಉದ್ದೇಶ ಸ್ವಲ್ಪ ಬದಲಾಗಿದೆ, ಅಷ್ಟೇ."

"ಹಾಗಾದ್ರೆ ಬಸುರಿಯರನ್ನ ಹೆರೋಕೆ ಅಲ್ಲಿಗೇ ಕಳಿಸ್ಲಾ ಸ್ವಾಮಿ?"

ಸಾಹೇಬರು ಕೆದಕಿ ತೆಗೆದದ್ದನ್ನು ಒಮ್ಮೆ ನೋಡಿ, ಮೇಜಿನ ಅಂಚಿಗೆ ಒರೆಸಿದರು. 

ಅಲ್ಲಿಂದ ಒಬ್ಬ ವಕೀಲಮ್ಮನ ಬಳಿ ಹೋದಾಗ ಅವಳು ಧೈರ್ಯ ತುಂಬಿದಳು. "ಸರ್ಕಾರ ತಗೊಂಡ್ಮೇಲೂ ನಿಮ್ಮ ಹಕ್ಕು ಪೂರ್ತಿ ಸತ್ತಿಲ್ಲ. ಹೇಳಿದ ಕೆಲಸಕ್ಕೆ ಬಳಸಿಲ್ಲ ಯಾಕೆ ಅಂತ ಕೇಳ್ಬಹುದು. ತಮ್ಮನೂ ಜೊತೆ ನಿಂತ್ರೆ ಕೇಸಿಗೆ ಬಲ."

ತಮ್ಮ ಮಾತ್ರ ವಿಷಯ ಕೇಳುತ್ತಲೇ ಮುಖ ತಿರುಗಿಸಿದ. "ಆಗಿದ್ದು ಆಗೋಯ್ತು ಅಕ್ಕಾ. ಆ ಹಾಲ್‌ನ ಅಡುಗೆ ಕಾಂಟ್ರಾಕ್ಟು ನಂದೇ. ನನ್ನ ಹೊಟ್ಟೆ ಮೇಲೆ ಹೊಡೀಬೇಡ."

"ಆಸ್ಪತ್ರೆ ಕಟ್ಟಲ್ಲ ಅಂತ ನಿಂಗೆ ಮೊದಲೇ ಗೊತ್ತಿತ್ತಾ?"

ಅವನು ಚಪ್ಪಲಿ ಹುಡುಕುವವನಂತೆ ನೆಲ ನೋಡಿದ. ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿಯೇ ಬಾಯಿ ಬಿಟ್ಟಳು: "ಗೊತ್ತಿತ್ತು ಅತ್ತಿಗೆ. ನಂಗೂ ಆಮೇಲೆ ಹೇಳಿದ್ರು."

ಟೈಲರಮ್ಮ ಅಲ್ಲಿ ನೀರೂ ಕುಡಿಯದೆ ಎದ್ದುಬಂದು ಒಬ್ಬಳೇ ಕೇಸು ಹಾಕಿದಳು. ಅದು ವರ್ಷಗಟ್ಟಲೆ ಎಳೆಯಿತು. ಕೊನೆಗೆ ತೀರ್ಪು ಬಂತು: ಮೋಸ ನಡೆದದ್ದು ನಿಜ, ಆದರೆ ಕಟ್ಟಡ ಎದ್ದಿರುವುದರಿಂದ ಜಾಗ ವಾಪಸ್ಸಿಲ್ಲ, ಇವಳ ಪಾಲಿಗೆ ಇಂದಿನ ದರದಲ್ಲಿ ಪರಿಹಾರ ಕೊಡಬೇಕು. ಸಾಹೇಬರು ಅಷ್ಟರಲ್ಲಿ ಬಡ್ತಿ ಪಡೆದು ಇನ್ನೂ ದೊಡ್ಡ ಕುರ್ಚಿ ಸೇರಿದ್ದರು. ವಕೀಲಮ್ಮ ಗೆದ್ದೆವು ಎಂದಳು. ಕೊಳೆತದ್ದನ್ನು ತಿನ್ನಿಸಿ ಮೇಲೆ ಸಕ್ಕರೆ ಕೊಟ್ಟಂತಿದೆ ಎನಿಸಿತು ಟೈಲರಮ್ಮನಿಗೆ.

ಅದೇ ವಾರ ತಮ್ಮ ಮಿಠಾಯಿ ಡಬ್ಬಿ ಹಿಡಿದು, ಹಲ್ಲು ಗಿಂಜುತ್ತ ಬಂದ. ಅಂಗಿಯಿಂದ ಸೀದ ಎಣ್ಣೆಯ ಕಮಟು ಹೊಡೆಯುತ್ತಿತ್ತು.

"ಗೆದ್ದುಬಿಟ್ಟೆ ನೋಡಕ್ಕಾ! ಎಷ್ಟಾದ್ರೂ ಅಪ್ಪನ ಮನೆ ತಾನೇ? ಪರಿಹಾರಕ್ಕೆ ನನ್ನ ಹೆಸರೂ ಸೇರಿಸೋಕಾಗುತ್ತಾ ಅಂತ ವಕೀಲಮ್ಮನ್ನ ಒಂದು ಮಾತು ಕೇಳ್ತೀಯಾ?"

ಅವಳಿಗೆ ಬೈಯಲೂ ಮನಸ್ಸಾಗಲಿಲ್ಲ. ಬೈಗುಳಕ್ಕಾದರೂ ಎದುರಿಗೆ ಮನುಷ್ಯನಿರಬೇಕು.

"ಡಬ್ಬಿ ತಗೊಂಡು ಹೊರಡು" ಎಂದಳು. "ನಿನ್ನ ನೋಡಿದ್ರೆ ವಾಕರಿಕೆ ಬರ್ತಿದೆ."

ಅವನು ಮೆಟ್ಟಿಲಿಳಿದ ಮೇಲೂ ಕಮಟು ಕೋಣೆಯಲ್ಲೇ ಕೂತಿತ್ತು. ಅವಳು ಎರಡೂ ಕಿಟಕಿ ತೆರೆದು, ಗಾಳಿ ಬರುವವರೆಗೂ ಹೊರಗೆ ಮುಖ ಹಾಕಿ ನಿಂತಳು.