ಉದ್ದ ಉತ್ತರ

ಕಂಪ್ಯೂಟರ್ ಪರದೆಯ ಬಲಮೂಲೆಯಲ್ಲಿ ಅಂಚೆಚೀಟಿಯಷ್ಟು ಚೌಕದೊಳಗೆ ಯಾರೋ ಮುದುಕ, ಕಾಲರಿನ ಒಂದು ತುದಿ ಎದ್ದು ನಿಂತಿದೆ, ಪಾಪ, ಮನೆಯಲ್ಲಿ ಹೇಳುವವರು ಯಾರೂ ಇಲ್ಲವೇನೋ, ಎಂದುಕೊಳ್ಳುವಷ್ಟರಲ್ಲಿ ಹಿಂದಿನ ಕುರ್ಚಿಯಿಂದ ಹೆಂಡತಿ ಲೊರೇನ್‌ಳ ಕೈ ಬಂದು ಆರ್ವೋ ನಿಸ್ಕಲಾನ ಕಾಲರನ್ನು ಮಡಿಸಿತು, ಪರದೆಯ ಮುದುಕನದೂ ಸರಿಹೋಯಿತು — ಅಯ್ಯೋ, ಅದು ತಾನೇ, ಐವತ್ತಾರಕ್ಕೇ ಈ ಗತಿ, ಅಪ್ಪ ಎಪ್ಪತ್ತರಲ್ಲೂ ನಿಲ್ಲದೆ ಸೌದೆ ಒಡೆಯುತ್ತಿದ್ದ, ಉಸಿರು ಬಿಗಿಹಿಡಿದು ಒಡೆಯುತ್ತಿದ್ದ, ಉಸಿರು, ಎಲ್ಲಿಂದ ಹೊರಟರೂ ಅಲ್ಲಿಗೇ ಬಂದು ನಿಲ್ಲುತ್ತದೆ ಈ ಹಾಳು ಯೋಚನೆ. ಪರದೆಯ ತುಂಬ ಈಗಿರುವುದು ಒಂದು ಖಾಲಿ ಕುರ್ಚಿ, ಅದರ ಹಿಂದೊಂದು ಧ್ವಜ, ಮಾಜಿ ಸೈನಿಕರ ಮೇಲ್ಮನವಿ ಮಂಡಳಿಯ ನ್ಯಾಯಾಧೀಶೆ ಇರುವುದು ವಾಷಿಂಗ್ಟನ್ನಿನಲ್ಲಿ, ಇವರು ಮೂವರು ಇಲ್ಲಿ ಮಿಶಿಗನ್ನಿನ ಉತ್ತರದ ಕೊನೆಯಲ್ಲಿ, ಕೌಂಟಿ ಕಚೇರಿಯ ಕೋಣೆಯಲ್ಲಿ, ಹೊರಗೆ ಮೇ ತಿಂಗಳು ಬಂದರೂ ಗೋಡೆ ಬದಿಯಲ್ಲಿ ಇನ್ನೂ ಕೊಳಕು ಹಿಮದ ರಾಶಿ, ಅದರಲ್ಲಿ ಅರ್ಧ ತಾನೇ ಬಾಚಿ ಹಾಕಿದ್ದು. ಇನ್ನೊಂದು ಚಳಿಗಾಲ ಆ ಲಾರೀಲಿ ಡೀಸೆಲ್ ಹೊಗೆ ಕುಡೀತಾ ಕೂತ್ರೆ ಆಮೇಲೆ ನನ್ನ ಹತ್ರ ಬರಬೇಡಿ ಎಂದಿದ್ದಾರೆ ಎದೆಯ ಡಾಕ್ಟರು, ಆದರೆ ಹಿಮ ಬಾಚುವ ಲಾರಿಯಿಂದ ಇಳಿಯಬೇಕೆಂದರೆ ಕಾಯಿಲೆಯ ಪಿಂಚಣಿಗೆಂದು ಸರ್ಕಾರ ಬರೆದುಕೊಟ್ಟ ಹತ್ತು ಪರ್ಸೆಂಟು ಅರವತ್ತಾಗಬೇಕು, ಹತ್ತು ಪರ್ಸೆಂಟು ಕಾಯಿಲೆಯಂತೆ, ಮಿಕ್ಕ ತೊಂಬತ್ತು ಗಟ್ಟಿಮುಟ್ಟಂತೆ, ಒಂದು ಸಲ ಮನವಿ ಹಾಕಿ ಅದೇ ಹತ್ತು ವಾಪಸು ಬಂದಿದೆ, ಇವತ್ತಿನದು ಎರಡನೆಯದು. ಇದೂ ಹೋಯ್ತು ಅಂದ್ರೆ ಕೋರ್ಟು ಕಣಯ್ಯಾ, ಅದು ಮುಗಿಯೋಷ್ಟರಲ್ಲಿ ನಾವಿಬ್ರೂ ಗೋರಿ ಸೇರಿರ್ತೀವಿ, ಇದು ಎಡಗಡೆ ಕೂತಿರುವ ಬೆವ್ ಟೋಲೊನೆನ್ ಹೇಳಿದ್ದು, ಕೌಂಟಿಯ ಮಾಜಿ ಸೈನಿಕರ ಕಾಗದಪತ್ರ ಎಲ್ಲ ನೋಡಿಕೊಳ್ಳುವವಳು, ನೌಕಾಪಡೆಯಲ್ಲಿದ್ದವಳು, ಇವನಿಗಿಂತ ಹತ್ತು ವರ್ಷ ದೊಡ್ಡವಳು, ಈಗ ಲೊರೇನ್ ತಂದ ಏಲಕ್ಕಿ ಬ್ರೆಡ್ಡನ್ನು ಫೈಲಿನ ಮರೆಯಲ್ಲಿ ತಿನ್ನುತ್ತಿದ್ದಾಳೆ. ನೋಡು, ಆಯಮ್ಮ ಮೊದಲು ಹೇಗಿದ್ದೀರಿ ಅಂತ ಕೇಳ್ತಾಳೆ, ಚೆನ್ನಾಗಿದ್ದೀನಿ ಅಂದ್ಯೋ, ಇಲ್ಲೇ ಕತ್ತು ಹಿಚುಕ್ತೀನಿ.

ಹಿಚುಕಬೇಕಾದ್ದೇ. ಸರ್ಕಾರದ ಡಾಕ್ಟರು ಪರೀಕ್ಷೆಗೆ ಕರೆದ ದಿನ ಆರ್ವೋ ಬೆಳಗ್ಗೆಯೇ ಎದ್ದು ಬೂಟಿಗೆ ಪಾಲಿಶ್ ಹಾಕಿದ್ದ, ಅಂಗಿಗೆ ಇಸ್ತ್ರಿ, ಗಡ್ಡ ನುಣ್ಣಗೆ, ಅರ್ಧ ಗಂಟೆ ಮೊದಲೇ ಹಾಜರು, ಲಿಫ್ಟಿನ ಮುಂದೆ ಗಾಲಿಕುರ್ಚಿಯವರು ಕಾಯುತ್ತಿದ್ದರಲ್ಲ, ಅವರ ಜಾಗ ತಾನ್ಯಾಕೆ ತಿನ್ನಲಿ ಎಂದು ಮೂರು ಮಹಡಿ ಮೆಟ್ಟಿಲು ಹತ್ತಿದ್ದ, ಹತ್ತಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಎದೆ ಒಂದು ಹದಕ್ಕೆ ಬರುವ ತನಕ ಗೋಡೆಗೆ ಹಣೆಯಿಟ್ಟು ನಿಂತಿದ್ದ, ಆಮೇಲೆ ಡಾಕ್ಟರ ಎದುರು ಕೆಮ್ಮಿ ಅಸಹ್ಯ ಮಾಡುವುದು ಬೇಡವೆಂದು ಇನ್ಹೇಲರನ್ನು ಎರಡು ಸಲ ಒತ್ತಿ ಎಳೆದುಕೊಂಡು, ಮುಖ ತೊಳೆದು, ಎದೆ ಉಬ್ಬಿಸಿ ಒಳಗೆ ಹೋದ. ನಡೆಯೋಕೆ ತೊಂದರೆ ಇದೆಯಾ, ಇಲ್ಲ ಸಾರ್, ಮೆಟ್ಟಿಲು ಹತ್ತೋಕೆ, ಹಂಗೇನಿಲ್ಲ ಸಾರ್, ಈ ಕೊಳವೆ ಊದಿ, ಊದಿದ, ಶಕ್ತಿಯೆಲ್ಲ ಹಾಕಿ ಊದಿದ, ಎದೆ ಬಿರಿಯುವ ಹಾಗೆ, ಫಸ್ಟ್ ಕ್ಲಾಸಲ್ಲಿ ಪಾಸಾಗುವ ಹುಡುಗನ ಹಾಗೆ. ವರದಿಯಲ್ಲಿ ಬಂತು, ಚುರುಕಾಗಿ ನಡೆದು ಬಂದರು, ಅಚ್ಚುಕಟ್ಟಾದ ಉಡುಪು, ದೂರುಗಳಿಲ್ಲ. ಬೆವ್ ಅದನ್ನು ಓದಿ ಮೇಜಿನ ಮೇಲೆ ಬಡಿದು, ಅಲ್ಲಯ್ಯಾ, ಕಾಯಿಲೆ ಅಂತ ಅರ್ಜಿ ಹಾಕ್ದೋನು ಮದುವೆ ಗಂಡಿನ ಥರ ಹೋಗ್ತಾನೇನೋ, ನೂರು ಜನ ಬರ್ತೀರಾ ನನ್ನ ಹತ್ರ, ತೊಂಬತ್ತು ಜನ ಇದನ್ನೇ ಮಾಡ್ಕೊಂಡು ಬರ್ತೀರಾ, ಯಾವೋನು ಹೇಳಿಕೊಟ್ಟ ನಿಮಗೆಲ್ಲ ಇದನ್ನ? ಯಾರು ಹೇಳಿಕೊಡಬೇಕು, ಬೆಳಗಿನ ಸಾಲಿನಲ್ಲಿ ನಿಲ್ಲಿಸಿ ಸಾರ್ಜೆಂಟ್ ಕೇಳುತ್ತಿದ್ದನಲ್ಲ, ಯಾರಿಗಾದ್ರೂ ಹುಷಾರಿಲ್ವೇನ್ರೋ, ನಲವತ್ತು ಜನ ಒಟ್ಟಿಗೆ, ಎಲ್ಲ ಚೆನ್ನಾಗಿದ್ದೀವಿ ಸಾರ್ಜೆಂಟ್, ಹೌದು ಎಂದವನ ಕೆಲಸ ಪಕ್ಕದವನ ಹೆಗಲಿಗೆ ಬೀಳುತ್ತದೆ, ಆಮೇಲೆ ಯಾವ ಮುಖ ಹೊತ್ತು ಅವನ ಜೊತೆ ಊಟಕ್ಕೆ ಕೂರುವುದು. ಇರಾಕಿನ ಆ ಮರಳಿನಲ್ಲಿ ನ್ಯಾಷನಲ್ ಗಾರ್ಡ್ ಎಂಬ ಮೀಸಲು ಸೇನೆಯ ಇವರ ತಂಡಕ್ಕೆ ಬಿದ್ದ ಪಾಲು ಕಸದ ಹೊಂಡ, ಬುಲ್ಡೋಜರಿನಲ್ಲಿ ಕೂತು ಕಸ ಒಳಗೆ ತಳ್ಳುವುದು, ಅದು ಹಗಲೆಲ್ಲ ಉರಿಯುವುದು, ಟೈರು, ಬ್ಯಾಟರಿ, ಪ್ಲಾಸ್ಟಿಕ್ ತಟ್ಟೆ, ಔಷಧಿ ಬಾಟಲಿ, ಹೊಗೆ ಕಪ್ಪಲ್ಲ, ಒಂಥರಾ ಹಳದಿ, ಉಗುಳಿದರೆ ಮಾತ್ರ ಕಪ್ಪು. ಹದಿಮೂರು ತಿಂಗಳು. ಮನೆಗೆ ಬರೆದ ಪತ್ರಗಳಲ್ಲಿ ಎಲ್ಲ ಚೆನ್ನಾಗಿದೆ, ಬಿಸಿಲು ಸ್ವಲ್ಪ ಜಾಸ್ತಿ, ನಿನ್ನ ಏಲಕ್ಕಿ ಬ್ರೆಡ್ಡು ನೆನಪಾಗುತ್ತದೆ, ಅದೊಂದು ಮಾತ್ರ ನಿಜ.

ಬಂದ ಮೇಲೂ ಅದೇ ಚಾಳಿ. ಶನಿವಾರದ ಸೌನಾ ಎಂಬ ಹಬೆಕೋಣೆ, ಫಿನ್‌ಲೆಂಡ್ ಮೂಲದವರ ಮನೆಯಲ್ಲಿ ಹುಟ್ಟಿದವನಿಗೆ ಅದೇ ದೇವಸ್ಥಾನ, ಕಾದ ಕಲ್ಲಿಗೆ ನೀರೆರಚಿದರೆ ಹಬೆ ಮೇಲಕ್ಕೇರುತ್ತದೆ, ಗಂಡಸಾದವನು ಮೇಲಿನ ಹಲಗೆಯಲ್ಲಿ ಕೂರಬೇಕು, ಆರ್ವೋ ಒಂದೊಂದೇ ಹಲಗೆ ಇಳಿಯುತ್ತ ಬಂದು ಈಗ ಬಾಗಿಲ ಬುಡದ ಮಣೆಯ ಮೇಲೆ. ಏನ್ ಭಾವಾ, ಹೆಂಗಸರ ಹಲಗೆಗೆ ಬಂದ್ಯಾ ಎಂದು ಲೊರೇನ್‌ಳ ತಮ್ಮ ನಗುತ್ತಾನೆ, ಹೆಂಗಸರು ಮೇಲೆ ಕೂರ್ತಾರೆ ಕಣೋ ಪೆದ್ದ, ನಂಗೆ ಸೆಕೆಗೆ ನಿದ್ದೆ ಬರತ್ತೆ ಅಷ್ಟೇ. ಲೊರೇನ್ ನೀರೆರಚುವ ಸೌಟನ್ನು ಸುಮ್ಮನೆ ಕೆಳಗಿಟ್ಟಿದ್ದಳು ಆವತ್ತು, ಸೌಟನ್ನು ಇಟ್ಟ ಸದ್ದು — ಅಲ್ಲ, ಇದು ಬೆವ್ ಮೊಣಕೈಯಿಂದ ತಿವಿದದ್ದು, ಪರದೆಯ ಕುರ್ಚಿ ತುಂಬಿದೆ, ಬೆಳ್ಳಿ ಕೂದಲು, ದಪ್ಪ ಕನ್ನಡಕ, ಬಲಗೈ ಎತ್ತಿ, ಸತ್ಯವನ್ನೇ ಹೇಳುತ್ತೇನೆ, ಕೈ ಎತ್ತುವುದರ ಜೊತೆಗೇ ಆರ್ವೋ ಎದ್ದು ನಿಂತುಬಿಟ್ಟಿದ್ದಾನೆ, ಕೂತ್ಕೊಳ್ಳಿ ಮಿಸ್ಟರ್ ನಿಸ್ಕಲಾ, ಇದೇನು ಪರೇಡ್ ಅಲ್ಲ, ಹೇಗಿದ್ದೀರಿ ಇವತ್ತು? ಚೆನ್ನಾಗಿದ್ದೀನಿ ಮೇಡಂ, ನೀವು ಹೇಗಿದ್ದೀರಿ.

ಆಯಿತು. ಸತ್ಯ ಹೇಳುತ್ತೇನೆಂದು ಎತ್ತಿದ ಕೈ ಪೂರ್ತಿ ಕೆಳಗಿಳಿಯುವ ಮುಂಚೆಯೇ ಮೊದಲ ಸುಳ್ಳು, ಬೆವ್ ಕಣ್ಣು ಮುಚ್ಚಿಕೊಂಡಳು, ಹಿಂದಿನಿಂದ ಲೊರೇನ್ ನಕ್ಕಳೋ ಅತ್ತಳೋ ಒಂದು ಸಣ್ಣ ಸದ್ದು, ಹಾಳಾದ ನಾಲಿಗೆ, ಇವನ ಅಪ್ಪಣೆ ಕಾಯುವುದೇ ಇಲ್ಲ ಅದು. ಮೇಡಂ, ಇದೇ ನೋಡಿ ನಮ್ಮ ಮೇಲ್ಮನವಿಯ ತಿರುಳು ಎನ್ನುತ್ತಿದ್ದಾಳೆ ಬೆವ್, ಇವರು ಸಾಯೋವಾಗ್ಲೂ ಇದನ್ನೇ ಹೇಳೋರು, ಅದಕ್ಕೇ ಇವರ ಮನೆಯವರ ಹತ್ರ ಒಂದು ಪತ್ರ ಬರೆಸಿದೀನಿ, ಓದ್ತೀನಿ, ಅಪ್ಪಣೆಯಾದ್ರೆ. ಯಾವ ಪತ್ರ, ಲೊರೇನ್ ಪತ್ರ ಬರೆದದ್ದು ಯಾವಾಗ, ಅಂಗಡಿಯ ಚೀಟಿಯಲ್ಲೂ ಹಾಲು, ಮೊಟ್ಟೆ ಎಂದು ಎರಡೇ ಪದ ಬರೆಯುವವಳು. ಬೆವ್ ಓದತೊಡಗಿದಳು, ನಮ್ಮ ನೆಲಮಾಳಿಗೆಗೆ ಹನ್ನೊಂದು ಮೆಟ್ಟಿಲು, ಮನೆ ಬೆಚ್ಚಗಿಡೋ ಸೌದೆ ಒಲೆ ಇರೋದು ಕೆಳಗೆ. ನನ್ನ ಗಂಡ ಹತ್ತಿ ಬರುವಾಗ ಆರನೇ ಮೆಟ್ಟಿಲಲ್ಲಿ ನಿಲ್ತಾರೆ. ನಿಂತು ನನ್ನನ್ನ ಏನಾದರೂ ಕೇಳ್ತಾರೆ, ಅಂಚೆ ಬಂತಾ, ನಿನ್ನ ತಂಗಿ ಫೋನ್ ಮಾಡಿದ್ಲಾ. ಮೊದಮೊದಲು ನಾನು ಬಂತು, ಇಲ್ಲ, ಅಂತ ಒಂದೇ ಮಾತಲ್ಲಿ ಮುಗಿಸ್ತಿದ್ದೆ, ಆಗ ಅವರು ಇನ್ನೊಂದು ಪ್ರಶ್ನೆ ಹುಡುಕಬೇಕಾಗ್ತಿತ್ತು. ಅವರಿಗೆ ಬೇಕಾಗಿರೋದು ಉತ್ತರ ಅಲ್ಲ, ಉಸಿರು ಅಂತ ನನಗೆ ತಿಳಿಯೋಕೆ ಒಂದು ಚಳಿಗಾಲ ಹಿಡೀತು. ಆವತ್ತಿಂದ ನಾನು ಉತ್ತರ ಉದ್ದ ಮಾಡ್ತೀನಿ. ಅವರ ಭುಜ ಇಳಿಯೋವರೆಗೂ ಮಾತಾಡ್ತೀನಿ. ಎಂಟು ವರ್ಷದ ಹಿಂದೆ ಅಂಚೆ ವಿಷಯ ಒಂದೇ ಸಾಕಾಗ್ತಿತ್ತು. ಈಗ ಅಂಚೆ, ಹವಾಮಾನ, ನನ್ನ ತಂಗಿಯ ಮೂರು ಮಕ್ಕಳು, ಎಲ್ಲ ಮುಗಿದರೂ ಭುಜ ಇಳಿದಿರಲ್ಲ. ನಾನು ಹೆಚ್ಚು ಮಾತಿನವಳಲ್ಲ. ಹೇಳೋಕೆ ವಿಷಯ ಸಾಲ್ತಾ ಇಲ್ಲ.

ಬೆವ್ ಕಾಗದ ಮಡಿಸಿದಳು. ಎಂಟು ವರ್ಷ. ಮೇಲೆ ಅಡಿಗೆಮನೆಯ ಬಾಗಿಲಲ್ಲಿ ಅವಳು, ಹೆಗಲ ಮೇಲೆ ಪಾತ್ರೆ ಒರೆಸುವ ಬಟ್ಟೆ, ಅಂಚೆ ಬಂತಾ ಎಂದರೆ ಅಂಚೆಯವನ ಹೊಸ ಜೀಪು, ಅವನ ಹೆಂಡತಿಯ ಮಂಡಿ ಆಪರೇಷನ್ನು, ಆ ಡಾಕ್ಟರು ಮೊದಲು ಯಾವ ಊರಲ್ಲಿದ್ದ, ಕೆಳಗೆ ಇವನು ಮೆಟ್ಟಿಲ ಕಂಬಿ ಹಿಡಿದು ಹೂಂ ಹೂಂ ಎನ್ನುತ್ತ, ಪುಣ್ಯಕ್ಕೆ ಇವಳಿಗೆ ಮಾತಿನ ಹುಚ್ಚು, ತನ್ನ ಏದುಸಿರು ಇವಳ ಕಿವಿಗೆ ಬೀಳಲ್ಲ ಎಂದುಕೊಂಡು, ಎಂಥ ಜಾಣ, ಎಂಥ ಕಳ್ಳ ತಾನು! ಚರ್ಚಿನ ಊಟದಲ್ಲಿ ಎಲ್ಲರೆದುರು ಆಡಿಕೊಂಡಿದ್ದನಲ್ಲ, ನಮ್ಮವಳಿಗೆ ವಯಸ್ಸಾಗ್ತಾ ಬಾಯಿ ಬಂದಿದೆ, ಒಂದು ಮಾತು ಕೇಳಿದ್ರೆ ಪುರಾಣ ಬಿಚ್ತಾಳೆ, ಎಲ್ಲ ನಕ್ಕರು, ಅವಳೇ ಎಲ್ಲರಿಗಿಂತ ಜೋರಾಗಿ ನಕ್ಕಳು, ನಕ್ಕು ಅವನ ತಟ್ಟೆಗೆ ಇನ್ನೊಂದು ಆಲೂಗಡ್ಡೆ ಹಾಕಿದಳು. ಮೇಲೆ ಬಾಗಿಲಲ್ಲಿ ಅವಳು, ಬೆಳಕು ಬೆನ್ನ ಹಿಂದೆ, ಒಲೆಯ ಮೇಲೆ ಏನೋ ಸೀಯುತ್ತಿದೆ, ಸೀದರೆ ಸೀಯಲಿ ಎಂದು ನಿಂತಿದ್ದಾಳೆ. ಮಿಸ್ಟರ್ ನಿಸ್ಕಲಾ, ನ್ಯಾಯಾಧೀಶೆಯ ದನಿ ಮೆತ್ತಗಾಗಿದೆ, ಇದು ನಿಜಾನಾ, ನಿಮ್ಮ ಬಾಯಲ್ಲೇ ಕೇಳಬೇಕು ನಾನು, ಆತುರ ಏನಿಲ್ಲ. ನಿಜ ಎಂದ. ಅಷ್ಟೇ ಬಂದದ್ದು, ಅದರ ಹಿಂದೆ ಹೊಂಡ, ಹಳದಿ ಹೊಗೆ, ಬಚ್ಚಲಿನ ಗೋಡೆ ಎಲ್ಲ ಸಾಲಾಗಿ ನಿಂತಿವೆ, ಹೊರಗೆ ಬರಲು ಗಾಳಿ ಇಲ್ಲ, ಎದೆ ಮುಷ್ಟಿಯ ಹಾಗೆ ಮುಚ್ಚಿಕೊಂಡಿದೆ, ಭುಜಗಳು ಕಿವಿಯ ತನಕ ಏರಿವೆ, ಪರದೆಯ ಮೂಲೆಯಲ್ಲಿ ಆ ಮುದುಕನದೂ ಏರಿವೆ, ಎಲ್ಲರೂ ಕಾಯುತ್ತಿದ್ದಾರೆ, ಅವನು ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿದ, ಲೊರೇನ್, ಒಲೆ, ಆರಿಸಿದ್ಯಾ?

ಆರಿಸ್ದೆ ಕಣೋ ಎಂದಳು ಲೊರೇನ್, ಆರಿಸಿ, ಬಾಗಿಲು ಹಾಕಿ, ಮತ್ತೆ ಡೌಟು ಬಂತು ನೋಡು, ವಾಪಸ್ ಹೋಗಿ ನೋಡಿದ್ರೆ ಆರಿತ್ತು, ಅಲ್ಲೇ ಬೆಕ್ಕು ಕೂತಿತ್ತು, ಪಕ್ಕದ ಮನೇದು, ಆ ಬಿಳೀದು, ಅದಕ್ಕೆ ಮತ್ತೆ ಹೊಟ್ಟೆ ದಪ್ಪ ಆಗಿದೆ, ಹೋದ ಸಲ ನಾಲ್ಕು ಮರಿ ಹಾಕಿತ್ತಲ್ಲ, ಒಂದನ್ನ ನನ್ನ ತಂಗಿ ತಗೊಂಡು ಹೋದ್ಲು, ಅವಳ ದೊಡ್ಡ ಮಗಳು ಅದಕ್ಕೆ ಏನು ಹೆಸರಿಟ್ಟಳು ಗೊತ್ತಾ. ಬೆವ್ ಕ್ಷಮೆ ಕೇಳಲು ಬಾಯಿ ತೆರೆದಳು, ಪರದೆಯಲ್ಲಿ ಒಂದು ಕೈ ಎದ್ದಿತು, ಇರಲಿ, ಅವರು ಹೇಳಲಿ, ದಾಖಲಾಗಲಿ. ಲೊರೇನ್ ಹೇಳುತ್ತಿದ್ದಾಳೆ, ಬೆಕ್ಕು, ಬೇಲಿ, ಬೇಲಿಗೆ ಹೊಡೆಯಬೇಕಾದ ಬಣ್ಣ, ಬಣ್ಣದಂಗಡಿಯವನ ಮಗಳ ಮದುವೆ, ಮಾತುಗಳು ಅವನಿಗೆ ಕೇಳಿಸುತ್ತಿಲ್ಲ, ಮೇಲೆ ಬಾಗಿಲಲ್ಲಿ ಅವಳು, ಹೆಗಲ ಮೇಲೆ ಒದ್ದೆ ಬಟ್ಟೆ, ಮಾತಾಡುತ್ತಿದ್ದಾಳೆ, ಮಾತಾಡುತ್ತಲೇ ಇದ್ದಾಳೆ, ಕಣ್ಣು ಮಾತ್ರ ಅವನ ಭುಜದ ಮೇಲೆ.