ಬಾಗಿಲ ಬಳಿಯ ಹಾಸಿಗೆ

"ನಾಯಿ ಮಲಗೋ ಜಾಗದಲ್ಲಿ ನಮ್ಮಪ್ಪನ್ನ ಮಲಗಿಸಿದ್ದೀಯಲ್ಲೋ! ಎಂಟನೇ ಕ್ಲಾಸು ದಾಟದ ದನ, ಮುದುಕರ ಉಚ್ಚೆ ಬಳಿಯೋನು, ನನ್ನ ಮನೇಲಿ ಯಾರು ಎಲ್ಲಿರಬೇಕು ಅಂತ ಹೇಳೋಕೆ ನೀನ್ಯಾವನೋ?"

ನುರ್ಗಾಜಿಯ ಕೂಗಿಗೆ ಊಟದ ಹಾಸಿನ ಸುತ್ತ ಕೂತಿದ್ದ ಏಳು ಜನ ಬೀಗರೂ ಬಾಗಿಲತ್ತ ತಿರುಗಿದರು. ಎಲ್ದಿಯಾರ್ ಒಂದು ಬೂಟು ಕಳಚಿ, ಇನ್ನೊಂದರ ದಾರ ಬಿಚ್ಚಲು ಬಗ್ಗಿದವನು ಹಾಗೇ ನಿಂತ. ಹೆಗಲಲ್ಲಿ ಊರ ಆರೋಗ್ಯ ಕೇಂದ್ರದ ಚೀಲ, ಅದರಲ್ಲಿ ಬಿ.ಪಿ. ನೋಡುವ ಯಂತ್ರ, ತಿಕ್ಕುವ ಎಣ್ಣೆ, ಉಗುರು ಕತ್ತರಿ. ದಿನಾ ಹನ್ನೊಂದಕ್ಕೆ ಬರುವ ಹಾಗೆ ಇವತ್ತೂ ಬಂದಿದ್ದ. ಮನೆ ಮುಂದೆ ನಿಂತಿದ್ದ ಎರಡು ಕಾರು, ಬೇಲಿಗೆ ನೇತುಹಾಕಿದ್ದ ಹಸಿ ಕುರಿಚರ್ಮ ನೋಡಿದಾಗಲೇ ಹುಷಾರಾಗಬೇಕಿತ್ತು.

ನುರ್ಗಾಜಿ ಮೂರು ತಿಂಗಳು ಬೆಟ್ಟದ ಮೇಲಿನ ಹುಲ್ಲುಗಾವಲಲ್ಲಿ ಕುರಿಗಳ ಜೊತೆಗಿದ್ದು ಇವತ್ತು ಬೆಳಿಗ್ಗೆಯಷ್ಟೇ ಇಳಿದು ಬಂದಿದ್ದ. ಕುದುರೆಯಿಂದ ಇಳಿಯುವುದಕ್ಕೂ ಮಗಳನ್ನು ಕೊಡಲಿರುವ ಮನೆಯವರ ಕಾರು ಬಂದು ನಿಲ್ಲುವುದಕ್ಕೂ ಸರಿಹೋಗಿತ್ತು. ಒಳಗೆ ಬಂದು ನೋಡಿದರೆ ಅಪ್ಪನ ಹಾಸಿಗೆ ಬಾಗಿಲ ಬಳಿ, ಚಪ್ಪಲಿ ಬೂಟುಗಳ ಪಕ್ಕ. ಎಲ್ದಿಯಾರ್ ತಂದು ಹಾಕಿದ್ದಂತೆ. ಬಾಗಿಲಿಗೆ ಎದುರಾಗಿ, ಒಳಗೋಡೆಗೆ ರಜಾಯಿಗಳನ್ನು ಎದೆಮಟ್ಟ ಪೇರಿಸಿಟ್ಟಿರುವ ಕಡೆಗೆ ತೋರ್ ಅನ್ನುತ್ತಾರೆ. ಮನೆಯ ಹಿರಿಯನ ಜಾಗ. ಅದು ಖಾಲಿ. ಬಿಳಿ ಟೋಪಿಯ ದೊಡ್ಡ ಬೀಗ ಅಲ್ಲಿ ಕೂರಲು ಒಪ್ಪಲಿಲ್ಲ. "ಹಿರಿಯರು ಅಲ್ಲಿದ್ದಾರೆ, ನಾನಿಲ್ಲಿ ಹೇಗಪ್ಪಾ ಕೂತ್ಕೊಳ್ಳಲಿ? ನಮ್ಮ ಕಡೆ ಆ ಜಾಗದಲ್ಲಿ ಚಳಿಗಾಲದ ಮರಿ ಕಟ್ತೀವಿ," ಎಂದು ನಕ್ಕ. ಉಳಿದವರೂ ನಕ್ಕರು. ನುರ್ಗಾಜಿಯೂ ನಗಬೇಕಾಯಿತು. ಸರಿಯಾಗಿ ಆ ಹೊತ್ತಿಗೇ ಎಲ್ದಿಯಾರ್ ಬಾಗಿಲು ತೆಗೆದದ್ದು.

ನುರ್ಗಾಜಿಯ ಅಪ್ಪ ಬೆಕ್ತುರ್ ತಾತನಿಗೆ ಫೆಬ್ರವರಿಯಲ್ಲಿ ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಸುತ್ತಲ ಊರುಗಳ ಕುದುರೆಗಳನ್ನೆಲ್ಲ ಪಳಗಿಸಿದವನ ಬಾಯಲ್ಲಿ ಉಳಿದದ್ದು ಒಂದೇ ಸದ್ದು, ಕುದುರೆಯನ್ನು ಮುಂದಕ್ಕೆ ಹೊಡೆಯುವಾಗ ಅನ್ನುವ "ಚೂ". ಹಸಿದರೂ ಚೂ, ಸಿಟ್ಟು ಬಂದರೂ ಚೂ. ಮನೆಯವರು ಅವನನ್ನು ತೋರ್‌ನಲ್ಲಿ, ಮೂರು ಪದರ ಕಂಬಳಿಯ ಮೇಲೆ, ಮದುವೆಯ ದಿಂಬು ಕೊಟ್ಟು ಮಲಗಿಸಿದರು. ಊರು ಮೆಚ್ಚಿತು. ಅಲ್ಲಿಂದ ಬಾಗಿಲಿಗೆ ಹನ್ನೊಂದು ಹೆಜ್ಜೆ. ಅಷ್ಟುದ್ದಕ್ಕೂ ಮೆತ್ತನೆಯ ಜಮಖಾನ. ಎಳೆಯುವ ಕಾಲು ಅದರಲ್ಲಿ ಹೂತುಹೋಗುತ್ತಿತ್ತು. ಹಾಗಾಗಿ ಎಲ್ಲಾ ಅಲ್ಲೇ. ಬಟ್ಟೆ ಬದಲಿಸಬೇಕಾದವಳು ಸೊಸೆ ಬುರುಲ್. ಮಾವನ ಹೆಸರೆತ್ತಬಾರದ, ಮಾವನಿಗೆ ಬೆನ್ನು ತೋರಿಸಬಾರದ ಸೊಸೆ.

ಎಲ್ದಿಯಾರ್ ಈ ಮನೆಗೆ ಬರತೊಡಗಿದ್ದು ಜೂನಿನಲ್ಲಿ. ಮೊದಲ ವಾರ ಅವನ ಕಣ್ಣಿಗೆ ಬಿದ್ದದ್ದು ಮುಟ್ಟದೆ ಆರಿಹೋದ ಚಹಾದ ಬಟ್ಟಲು. ಮತ್ತೆ ಸುರಿಯಲು ಹೋದರೆ ತಾತ ಎಡಗೈಯಿಂದ ಬಟ್ಟಲು ಮುಚ್ಚುತ್ತಿದ್ದ.

"ಮುಖ ಏನೋ ನೋಡ್ತೀಯ, ಉಚ್ಚೆ ಬಣ್ಣ ನೋಡು," ಎಂದಿದ್ದಳು ಅವನನ್ನು ಕೆಲಸಕ್ಕೆ ಸೇರಿಸಿಕೊಂಡ ನರ್ಸ್ ಸೊನುನಕ್ಕ. "ಇಟ್ಟಿಗೆ ಬಣ್ಣಕ್ಕೆ ತಿರುಗಿದೆ. ಈ ಮುದುಕ ಲಕ್ವದಿಂದ ಸಾಯಲ್ಲ, ನೀರು ಕುಡೀದೆ ಸಾಯ್ತಾನೆ."

ಯಾಕೆ ಕುಡಿಯುತ್ತಿಲ್ಲ ಎಂದು ಹೇಳಿದವಳು ಬುರುಲ್. ಅಂಗಳದಲ್ಲಿ ಬಟ್ಟೆ ಹರವುತ್ತಾ, ಅವನ ಕಡೆ ನೋಡದೆ ಹೇಳಿದಳು. "ಕುಡಿದ್ರೆ ಹೋಗ್ಬೇಕಲ್ಲ ತಮ್ಮಾ. ಹೋದ್ರೆ ನಾನು ಬರ್ಬೇಕು. ಮಾವ ನನ್ನ ಮುಖ ನೋಡಿ ನಾಲ್ಕು ತಿಂಗಳಾಯ್ತು."

ಎಲ್ದಿಯಾರ್‌ಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಅವನಿಗೂ ಗೊತ್ತಾಗಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವನು ಕಲಿತದ್ದು, ಸಿಟ್ಟು ಬಂದರೆ ಏನನ್ನಾದರೂ ಹೊಡೆಯಬೇಕು ಎಂಬುದೊಂದೇ. ಶಾಲೆ ಬಿಟ್ಟದ್ದೂ ಮೇಷ್ಟರ ಮೂಗಿಗೆ ಕೊಟ್ಟ ಒಂದು ಗುದ್ದಿನಿಂದಲೇ. ಈ ಸಲ ಮೊಳೆ ಹೊಡೆದ. ಪಾಪ್ಲರ್ ಮರದ ಗಳವೊಂದನ್ನು ಉಜ್ಜಿ ನುಣುಪು ಮಾಡಿ, ಬಾಗಿಲ ಪಕ್ಕದ ಗೋಡೆಗೆ ತಾತನ ಎಡಗೈಗೆ ಸಿಗುವ ಎತ್ತರದಲ್ಲಿ ಜೋಡಿಸಿದ. ಹಳೇ ಕುರ್ಚಿಗೆ ತೂತು ಕೊರೆದು ಕೆಳಗೆ ಬಕೆಟ್ಟಿಟ್ಟು, ಬಾಗಿಲಾಚೆಯ ಪಡಸಾಲೆಯಲ್ಲಿ ಪರದೆ ಕಟ್ಟಿದ. ತಾತನ ಬಲಗಾಲಿನ ರಬ್ಬರ್ ಬೂಟಿಗೆ ಒಂದೇ ಕೈಯಲ್ಲಿ ಬಿಗಿದುಕೊಳ್ಳುವಂಥ ಪಟ್ಟಿ ಹೊಲಿದ. ಆಮೇಲೆ ಯಾರನ್ನೂ ಕೇಳದೆ ಹಾಸಿಗೆಯನ್ನು ಬಾಗಿಲ ಬಳಿಗೆ, ಜಮಖಾನವಿಲ್ಲದ ಬರೀ ಹಲಗೆ ನೆಲದ ಮೇಲಕ್ಕೆ ಎಳೆದು ತಂದ. ಅಲ್ಲಿಂದ ಪರದೆಯ ಕುರ್ಚಿಗೆ ಐದೇ ಹೆಜ್ಜೆ.

ಎರಡು ದಿನ ತಾತ ಗೋಡೆಗೆ ಮುಖ ಮಾಡಿ ಮಲಗಿದ. ಅಳುತ್ತಿದ್ದಾನೋ ಏನೋ, ಎಲ್ದಿಯಾರ್ ಬಗ್ಗಿ ನೋಡಲಿಲ್ಲ. ಮೂರನೆಯ ದಿನ ಎಡಗೈ ಮೆಲ್ಲಗೆ ಗಳವನ್ನು ಹಿಡಿಯಿತು. "ಚೂ," ಎಂದ ತಾತ, ತನ್ನದೇ ಬಲಗಾಲಿಗೆ. ಕಾಲು ಬಂತು. ಪರದೆಯ ಆಚೆಯಿಂದ ವಾಪಸು ಬಂದು ಕೂತವನು ಒಂದರ ಹಿಂದೊಂದು ಆರು ಬಟ್ಟಲು ಚಹಾ ಕುಡಿದ. ಏಳನೆಯದಕ್ಕೆ ತಲೆಯೆತ್ತಿ, ಬುರುಲ್‌ಳ ಮುಖವನ್ನೇ ನೋಡಿ, ಸಾಕಮ್ಮ ಎನ್ನುವಂತೆ ಕೈ ಆಡಿಸಿದ.

ಈಗ ಎಲ್ದಿಯಾರ್ ಬಾಗಿಲಲ್ಲಿ ನಿಂತು, "ಅಣ್ಣಾ, ತಾತ ನಡೀತಾರೆ," ಎಂದ.

"ನಡೀತಾರಂತೆ! ಕುದುರೆ ಮೇಲೆ ಓಡಾಡಿದೋರು ಅವರು! ಎಲ್ಲಿಗೆ ನಡೀತಾರೋ? ಈ ಬಾಗಿಲಲ್ಲೇ ಯಾಕೆ ಬಿದ್ದಿರಬೇಕು? ಬಾಯಿಬಿಡು, ಎಲ್ಲರ ಮುಂದೇನೇ ಹೇಳು!"

ಉತ್ತರ ನಾಲಿಗೆಯ ತುದಿಯಲ್ಲಿತ್ತು. ಬಕೆಟ್ಟು, ಇಟ್ಟಿಗೆ ಬಣ್ಣ, ನಿನ್ನ ಹೆಂಡತಿಯ ಕೈ, ನಿಮ್ಮಪ್ಪನ ಬಾಯಾರಿಕೆ. ನಾಲ್ಕು ಮಾತು ಸಾಕಿತ್ತು, ನುರ್ಗಾಜಿ ತಲೆ ಎತ್ತದ ಹಾಗೆ ಮಾಡಲು. ಬೀಗರು ಅಗಿಯುವುದನ್ನು ನಿಲ್ಲಿಸಿ ಕಾಯುತ್ತಿದ್ದರು. ಚಹಾದ ನೀರು ಕಾಯಿಸುವ ಸಮೋವಾರ್ ಪಕ್ಕ ಬುರುಲ್ ತಲೆವಸ್ತ್ರವನ್ನು ಹಣೆಯ ಮೇಲಕ್ಕೆ ಎಳೆದುಕೊಂಡಳು. ಹಾಸಿಗೆಯಲ್ಲಿ ತಾತ ಎಲ್ದಿಯಾರ್‌ನನ್ನೇ ನೋಡುತ್ತಾ, ಎಡಗೈಯಿಂದ ಹೊದಿಕೆಯನ್ನು ಗದ್ದದವರೆಗೂ ಎಳೆದುಕೊಂಡ.

ಎಲ್ದಿಯಾರ್ ಬಾಯಿ ಮುಚ್ಚಿದ. ಮುಷ್ಟಿ ಮಾತ್ರ ಬಿಗಿದೇ ಇತ್ತು.

"ನೋಡಿದ್ರಾ, ಇವನ ಮಾತೂ ಬಿದ್ದುಹೋಯ್ತು," ಎಂದ ನುರ್ಗಾಜಿ. ಒಬ್ಬಿಬ್ಬರು ನಕ್ಕರು. ನಾಲ್ಕು ಜನ ಎದ್ದು ಮುದುಕನನ್ನು ಹಾಸಿಗೆ ಸಮೇತ ಎತ್ತಿ ತೋರ್‌ಗೆ ಒಯ್ದು, ಹಿಂದೆ ಮುಂದೆ ದಿಂಬು ಒತ್ತಿ ಕೂರಿಸಿದರು. ಹಿರಿಯನಿಗೇ ಸಲ್ಲುವ, ಬೇಯಿಸಿದ ಕುರಿಯ ತಲೆಯನ್ನು ತಟ್ಟೆಯಲ್ಲಿ ತಂದು ಅವನ ಮುಂದಿಟ್ಟರು. "ಹಾಂ, ಈಗ ಇದು ಮನೆ ಅನ್ನಿಸ್ತು ನೋಡಿ," ಎಂದು ದೊಡ್ಡ ಬೀಗ ಟೋಪಿ ಸರಿಮಾಡಿಕೊಂಡ. ನುರ್ಗಾಜಿ ಕೆನ್ನೆಯ ಮೆತ್ತನೆ ಮಾಂಸವನ್ನು ಕೊಯ್ದು ತನ್ನ ಕೈಯಾರೆ ಅಪ್ಪನ ಬಾಯಿಗಿಟ್ಟ. ಮಗನ ಕಣ್ಣು ನೀರಾಡಿತ್ತು. ಸುಳ್ಳು ಕಣ್ಣೀರಲ್ಲ, ಅದು ಎಲ್ದಿಯಾರ್‌ಗೂ ಗೊತ್ತಾಯಿತು. ಅದು ಗೊತ್ತಾದದ್ದಕ್ಕೆ ಸಿಟ್ಟು ಇನ್ನೂ ಹೆಚ್ಚಾಯಿತು.

"ಅಪ್ಪನಿಗೆ ಚಹಾ ಕೊಡೇ."

ಬುರುಲ್ ಕೆಟಲ್ ತಂದು ಬಗ್ಗಿದಳು. ತಾತನ ಎಡಗೈ ಬಟ್ಟಲನ್ನು ಮುಚ್ಚಿತು.

"ಬೀಗರ ಮುಂದೆ ಸಂಕೋಚ ಅವರಿಗೆ. ಸುರಿಯೇ ನೀನು."

ಕೈ ಸರಿಯಲಿಲ್ಲ. ಬುರುಲ್ ಕೆಟಲ್ ಹಿಡಿದು ಅಲ್ಲೇ ನಿಂತಳು. ಬೀಗರ ತಲೆಗಳ ಮೇಲಿಂದ ಅವಳ ನೋಟ ಬಾಗಿಲವರೆಗೂ ಬಂತು.

ಎಲ್ದಿಯಾರ್ ಕಳಚಿದ್ದ ಬೂಟನ್ನು ಮತ್ತೆ ಹಾಕಿಕೊಂಡು ದಾರ ಕಟ್ಟಿಕೊಂಡ. ಬೀಗರ ಬೂಟುಗಳ ರಾಶಿಯಲ್ಲಿ ಕೈಯಾಡಿಸಿ, ಅಡಿಯಲ್ಲಿ ಸಿಕ್ಕಿಕೊಂಡಿದ್ದ ತಾತನ ರಬ್ಬರ್ ಬೂಟುಗಳನ್ನು ಎಳೆದ. ಮಣ್ಣನ್ನು ತೋಳಿನಿಂದ ಒರೆಸಿ, ಬಲಗಾಲಿನದರ ಪಟ್ಟಿ ಸಡಿಲಿಸಿ, ಗಳದ ಕೆಳಗೆ ಬರೀ ಹಲಗೆಯ ಮೇಲೆ ಜೋಡಿಯಾಗಿ, ಮೂತಿ ಹೊರಗೆ ಮಾಡಿ ಇಟ್ಟ. ಚೀಲ ಹೆಗಲಿಗೇರಿಸಿ ಹೊರಟ.

ಬೇಲಿಯ ಹತ್ತಿರ ಬರುವಷ್ಟರಲ್ಲಿ ನುರ್ಗಾಜಿ ಹಿಂದೆಯೇ ಬಾಗಿಲಿಗೆ ಬಂದಿದ್ದ. "ಇನ್ನೊಂದ್ಸಲ ಈ ಹೊಸ್ತಿಲು ದಾಟಿದ್ರೆ ಕಾಲು ಮುರೀತೀನಿ!" ಎಂದು ಕೂಗಿ, ಏನೋ ಕಾಲಿಗೆ ತಗುಲಿ ಬಗ್ಗಿ ನೋಡಿದ. ಎಲ್ದಿಯಾರ್ ಬೇಲಿಬಾಗಿಲಿನ ಚಿಲಕ ಹಾಕಲು ತಿರುಗಿದಾಗ ನುರ್ಗಾಜಿಯ ಕೈಯಲ್ಲಿ ಒಂದು ರಬ್ಬರ್ ಬೂಟಿತ್ತು.

"ಲೇ, ಇದನ್ನ ಯಾಕೋ ಇಲ್ಲಿಟ್ಟೆ? ಈ ಪಟ್ಟಿ ಏನಿದು?"

ಕಾಲುವೆಯಾಚೆ ಕಣ್ಣು ಕಾಣದ ಅನಿಪಾ ಅಜ್ಜಿ ಕಾಯುತ್ತಿರುತ್ತಾಳೆ. ಹನ್ನೆರಡರೊಳಗೆ ಸೂಜಿ ಚುಚ್ಚಬೇಕು. ಎಲ್ದಿಯಾರ್ ಕಾಲುವೆಯ ಹಲಗೆಯ ಮೇಲೆ ಕಾಲಿಟ್ಟ. ಮನೆಯೊಳಗೆ ಬೀಗರ ಮಾತು ತಟ್ಟನೆ ನಿಂತಿತು. "ಚೂ," ಎಂದದ್ದು ಕೇಳಿಸಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ "ಚೂ". ಈ ಸಲ ಬಾಗಿಲಿಗೆ ಇನ್ನಷ್ಟು ಹತ್ತಿರದಿಂದ.

"ಯಾಕೋ? ಹೇಳಿ ಹೋಗೋ!"

ಎಲ್ದಿಯಾರ್ ಹಲಗೆ ದಾಟಿ ನಡೆದ.