ಗೋಧಿ ರಸಕ್ಕೆ ಬಿದ್ದ ಹೆಪ್ಪು

2025ರ ಏಪ್ರಿಲ್ 12, ಶನಿವಾರ, ಮಧ್ಯಾಹ್ನ 2 ಗಂಟೆ 15 ನಿಮಿಷ. ಪರದೇಶದ ಹೇಸ್ ಊರಿನ ನಮ್ಮ ಬಾಡಿಗೆ ಮನೆಯಲ್ಲಿ, ಬೆಳಗಿನಿಂದ ಕುದಿಸಿದ ಹತ್ತೊಂಬತ್ತು ಲೀಟರ್ ಗೋಧಿ ರಸ ಇಪ್ಪತ್ತೆರಡು ಡಿಗ್ರಿಗೆ ತಣಿದಿತ್ತು. ಯೀಸ್ಟ್ ಹಾಕಿದರೆ ಎರಡು ವಾರದಲ್ಲಿ ಬಿಯರ್. ರಸದ ಸಾಂದ್ರತೆ ಅಳೆಯುವ ಗಾಜಿನ ಕೊಳವೆ, ಹೈಡ್ರೋಮೀಟರ್, ತೇಲಿಬಿಟ್ಟು ಅಂಕೆ ಬರೆದುಕೊಂಡೆ: 1.048. ಸಕ್ಕರೆ ಮದ್ಯವಾಗುತ್ತ ಹೋದಂತೆ ಈ ಅಂಕೆ ಇಳಿಯುತ್ತದೆ.

ಅವ್ವ ಧಾರವಾಡದಿಂದ ಬಂದು ಒಂಬತ್ತು ದಿನವಾಗಿತ್ತು. ಬಂದ ದಿನವೇ ಕೊರಳ ಲಿಂಗ ಮುಟ್ಟಿಕೊಂಡು ಕೇಳಿದ್ದಳು, "ಕುಡಿಯೂದಿಲ್ಲಲ್ಲ ತಮ್ಮಾ?" ಇಲ್ಲ ಎಂದಿದ್ದೆ. ಅಪ್ಪ ಕುಡಿದೇ ಸತ್ತವನು. ಆದರೆ ಪುಡಿ ಮಾಡಿಟ್ಟ ಮೊಳಕೆ ಗೋಧಿಯ ಮಾಲ್ಟ್ ಕೆಡುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಒಲೆ ಹಚ್ಚಿದ್ದೆ. ಅವ್ವನಿಗೆ ಹೇಳಿದ್ದು, ಗೋಧಿ ಅಂಬಲಿ.

"ಆ ಬಾಟ್ಲಿಯೊಳಗ ಏನೈತಿ?"

"ಹೆಪ್ಪು, ಅವ್ವಾ."

ಮೂರು ದಿನದಿಂದ ಬೆಳೆಸಿದ್ದ ಯೀಸ್ಟ್ ಅದು. ಅಷ್ಟರಲ್ಲಿ ಆಫೀಸಿನಿಂದ ಕರೆ ಬಂತು. ಮಹಡಿಗೆ ಹೋಗಿ ಇಪ್ಪತ್ತು ನಿಮಿಷಕ್ಕೆ ಇಳಿದು ಬಂದೆ. ಬಾಟಲಿ ತೊಳೆದು ಸಿಂಕಿನ ಪಕ್ಕ ಬೋರಲು ಹಾಕಲಾಗಿತ್ತು. ಅವ್ವ ಪಾತ್ರೆಗೆ ಟವೆಲ್ ಸುತ್ತುತ್ತಿದ್ದಳು.

"ಇದರಾಗಿಂದು ಎಲ್ಲಿ?"

"ಚೆಲ್ಲಿದೆ. ಕೆಟ್ಟಿತ್ತು. ನಮ್ಮ ಮೊಸರಿಂದ ಒಂದು ಸೌಟು ಹೆಪ್ಪು ಹಾಕೀನಿ. ಥಂಡಿ ದೇಶ, ಬೆಚ್ಚಗ ಇಟ್ರ ಹುಳಿ ಬರ್ತೈತಿ."

ಖಾಲಿ ಬಾಟಲಿಯನ್ನೆತ್ತಿ ಬೆಳಕಿಗೆ ಹಿಡಿದು ನೋಡಿದೆ.

"ಮಾರಿ ಯಾಕ ಹಂಗ ಮಾಡ್ತಿ? ಹೆಂಡದ ನಾತ ಹೊಡೀಲಿಕತ್ತಿತ್ತು. ಇಪ್ಪತ್ತೆರಡು ವರ್ಷ ನಿಮ್ಮಪ್ಪನ ಮಗ್ಗಲದಾಗ ಮಲಗಿದಾಕಿ ನಾ. ನಿನಗೆಲ್ಲಿ ತಿಳೀಬೇಕು ಆ ನಾತ!"

ವಾಸನೆಯನ್ನು ಅವಳು ಸರಿಯಾಗಿಯೇ ಗುರುತಿಸಿದ್ದಳು. ಅನುಮಾನ ಪಟ್ಟದ್ದು ಬಾಟಲಿಯ ಮೇಲೆ, ನನ್ನ ಮೇಲಲ್ಲ. ಸುಮ್ಮನಿದ್ದರೆ ಸಾಕಿತ್ತು. ಫ್ರಿಜ್ಜಿನಲ್ಲಿ ಇನ್ನೊಂದು ಪೊಟ್ಟಣ ಯೀಸ್ಟ್ ಇತ್ತು.

"ಅವ್ವಾ, ಅದು ಕೆಟ್ಟಿರಲಿಲ್ಲ," ಎಂದೆ. "ನಾತ ಅದರದ್ದ. ಇದು ಅಂಬಲಿ ಅಲ್ಲ."

ಟವೆಲ್ ಹಿಡಿದ ಕೈ ನಿಂತಿತು. ಅವ್ವ ನನ್ನ ಬಾಯಿಯ ಹತ್ತಿರ ಬಂದು ಒಮ್ಮೆ ಮೂಸಿದಳು. ನನ್ನ ನಲವತ್ತು ವರ್ಷದಲ್ಲಿ ಆಕೆ ಹಾಗೆ ಮಾಡಿದ್ದು ಅದೇ ಮೊದಲು. ಅಪ್ಪನಿಗೆ ಮಾಡುತ್ತಿದ್ದುದನ್ನು ಕಂಡಿದ್ದೆ.

"ಎಷ್ಟು ದಿನದಿಂದ?"

"ಆರು ವರ್ಷ. ತಿಂಗಳಿಗೊಮ್ಮೆ."

ಪಾತ್ರೆಗೆ ಸುತ್ತಿದ್ದ ಟವೆಲ್ ಬಿಚ್ಚಿದಳು. "ಇದರಾಗ ಈಗ ಹೆಂಡ ಎಷ್ಟೈತಿ?"

"ಏನೂ ಇಲ್ಲ. ಅಂಕಿ ಇಳಿದ್ರ ಐತಿ ಅಂತ ಅರ್ಥ." ಹೈಡ್ರೋಮೀಟರನ್ನು ಮತ್ತೆ ರಸದಲ್ಲಿ ತೇಲಿಬಿಟ್ಟು ತೋರಿಸಿದೆ. ಕನ್ನಡಕ ಹಾಕಿಕೊಂಡು ಬಗ್ಗಿ, ಗೆರೆಗಳನ್ನು ಒಂದೊಂದಾಗಿ ಬೆರಳಿನಿಂದ ಎಣಿಸಿದಳು.

"ನಾಳೆ ಮಧ್ಯಾಹ್ನ ನಾನ ನೋಡ್ತೀನಿ. ನಿನ್ನ ಬಾಯಿ ಮಾತು ಬ್ಯಾಡ."

ಆ ಪೊಟ್ಟಣವನ್ನು ನಾನು ಮುಟ್ಟಲಿಲ್ಲ. ಭಾನುವಾರ 2 ಗಂಟೆ 15 ನಿಮಿಷಕ್ಕೆ ಅವ್ವ ತಾನೇ ಹೈಡ್ರೋಮೀಟರ್ ಇಳಿಬಿಟ್ಟು, ಅದರ ಓಲಾಟ ನಿಲ್ಲುವವರೆಗೆ ಕಾದು, ಅಂಕೆಯನ್ನು ಗಟ್ಟಿಯಾಗಿ ಓದಿದಳು: 1.048.